ಕರೆಂಟ್ ಇದ್ದರೂ ಸ್ಟಾರ್ಟ್ ಆಗುವ ಜನರೇಟರ್: ಕಾರಣ ಹುಡುಕುವ ಕ್ರಮ

ಮಳೆಗಾಲ ಹಿಡಿದರೆ ಸಾಕು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ಹೆಚ್ಚುಕಡಿಮೆ ಒಂದೇ ಥರದ ಫೋನ್ ಬರುತ್ತದೆ. "ಅಣ್ಣಾ, ಕರೆಂಟ್ ಇದೆ. ಫ್ಯಾನ್ ತಿರುಗ್ತಾ ಇತ್ತು, ಲೈಟೂ ಉರೀತಾ ಇತ್ತು. ಇದ್ದಕ್ಕಿದ್ದ ಹಾಗೆ ಜನರೇಟರ್ ಸ್ಟಾರ್ಟ್ ಆಯ್ತು. ಆಫ್ ಮಾಡಿ ಮತ್ತೆ ಆಟೋಗೆ ಹಾಕಿದ್ರೆ ಮತ್ತೆ ಅದೇ ಕಥೆ." ಫೋನ್ ಮಾಡುವಷ್ಟರಲ್ಲಿ ಬ್ಯಾಟರಿ ವೈರ್ ಕಿತ್ತಾಗಿರುತ್ತದೆ. ಕೆಲವರು ಹೊಸ ಬ್ಯಾಟರಿ ತಂದಿರುತ್ತಾರೆ, ಕೆಲವರು ಸೆಲ್ಫ್ ಮೋಟರ್ ಬಿಚ್ಚಿಸಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಆಟೋದಲ್ಲಿರುವ ಜನರೇಟರ್‌ನ ಇಂಜಿನ್ ತನ್ನ ಇಷ್ಟಕ್ಕೆ ಸ್ಟಾರ್ಟ್ ಆಗುವುದಿಲ್ಲ. ಪ್ಯಾನೆಲ್‌ನೊಳಗಿನ ಕಂಟ್ರೋಲರ್ ಹೇಳಿದರೆ ಸ್ಟಾರ್ಟ್ ಆಗುತ್ತದೆ. ಆ ಕಂಟ್ರೋಲರ್‌ಗೂ ಬೇರೆ ಕಡೆಯಿಂದ ಆರ್ಡರ್ ಬಂದಿರುತ್ತದೆ: ಕರೆಂಟ್ ಸರಿ ಇಲ್ಲ ಎಂದು ಹೇಳುವ ಸೆನ್ಸಿಂಗ್ ವೈರ್‌ಗಳಿಂದ, ದೂರದ ಸ್ವಿಚ್‌ನಿಂದ ಬರುವ ರಿಮೋಟ್ ಸ್ಟಾರ್ಟ್ ವೈರ್‌ನಿಂದ, ಕಂಟ್ರೋಲರ್‌ನೊಳಗಿನ ಗಡಿಯಾರದಿಂದ, ಬ್ಯಾಟರಿ ಇಳಿದಿದೆ ಎಂಬ ಲೆಕ್ಕದಿಂದ, ಇಲ್ಲವೇ ಯಾರೋ ಒತ್ತಿದ ಟೆಸ್ಟ್ ಬಟನ್‌ನಿಂದ. ಆರ್ಡರ್ ಕೊಟ್ಟವರು ಯಾರೆಂದು ಗೊತ್ತಾಗುವವರೆಗೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಡಿ.

ಇಲ್ಲಿ ಹೇಳುತ್ತಿರುವುದು ತೋಟದ ಮನೆ, ದೊಡ್ಡ ಸ್ವಂತ ಮನೆಗಳಲ್ಲಿರುವ 10ರಿಂದ 25 ಕೆವಿಎ ಒಳಗಿನ, ತ್ರೀ ಫೇಸ್, ಕ್ಯಾನೊಪಿ (ಸದ್ದು ತಡೆಯುವ ಪೆಟ್ಟಿಗೆ) ಇರುವ ಡೀಸೆಲ್ ಜನರೇಟರ್ ಬಗ್ಗೆ. ಜೊತೆಗೆ ಎಎಂಎಫ್ ಪ್ಯಾನೆಲ್ ಇರಬೇಕು, ಅಂದರೆ ಕರೆಂಟ್ ಹೋದದ್ದನ್ನು ತಾನೇ ಗಮನಿಸಿ ಜನರೇಟರ್ ಸ್ಟಾರ್ಟ್ ಮಾಡಿ ಲೋಡ್ ಬದಲಾಯಿಸುವ ಪ್ಯಾನೆಲ್. ಕೈಯಿಂದ ತಿರುಗಿಸುವ ಚೇಂಜ್‌ಓವರ್ ಮಾತ್ರ ಇರುವ ಮನೆಗೆ ಈ ತೊಂದರೆ ಬರುವುದೇ ಇಲ್ಲ.

ಆಫ್ ಮಾಡುವ ಮೊದಲು ಸ್ಕ್ರೀನ್ ಓದಿ

ಜನರೇಟರ್ ಸುಮ್ಮಸುಮ್ಮನೆ ಶುರುವಾದರೆ ಎಲ್ಲರೂ ಮೊದಲು ಓಡಿಹೋಗಿ ಸ್ಟಾಪ್ ಒತ್ತುತ್ತಾರೆ. ಸಾಕ್ಷಿ ಅಲ್ಲಿಗೆ ಅಳಿಸಿಹೋಗುತ್ತದೆ. ಹೊಗೆ, ವಾಸನೆ, ಕೆಟ್ಟ ಸದ್ದು ಇಲ್ಲದಿದ್ದರೆ ಅದನ್ನು ಐದು ನಿಮಿಷ ಓಡಲು ಬಿಟ್ಟು ಮೂರು ವಿಷಯ ಬರೆದುಕೊಳ್ಳಿ.

ಒಂದು, ಸ್ಕ್ರೀನ್ ಮೇಲೆ ಏನಿದೆ. ಕಂಟ್ರೋಲರ್ ಯಾವ ಕಂಪನಿಯದ್ದಾದರೂ ಮೇನ್ಸ್ ಫೇಲ್, ಮೇನ್ಸ್ ಅಂಡರ್ ವೋಲ್ಟೇಜ್, ರಿಮೋಟ್ ಸ್ಟಾರ್ಟ್, ಶೆಡ್ಯೂಲ್ ಈ ಥರದ ಏನಾದರೊಂದು ಮಾತು ಇರುತ್ತದೆ. ಮೇನ್ಸ್ ಎಂದರೆ ಹೊರಗಿನ ಲೈನಿನಿಂದ ಬರುವ ಕರೆಂಟ್. ಬಾಣದ ಬಟನ್ ಒತ್ತುತ್ತಾ ಹೋದರೆ ಮೇನ್ಸ್‌ನ ಮೂರು ಫೇಸ್‌ಗಳ ವೋಲ್ಟೇಜ್ ಬೇರೆ ಬೇರೆಯಾಗಿ ಕಾಣುತ್ತದೆ, ಇನ್ನೂ ಮುಂದೆ ಹೋದರೆ ಈವೆಂಟ್ ಲಾಗ್ ಸಿಗುತ್ತದೆ. ಎಲ್ಲವನ್ನೂ ಮೊಬೈಲ್‌ನಲ್ಲಿ ಫೋಟೊ ಹೊಡೆದಿಡಿ. ಮೆಕ್ಯಾನಿಕ್‌ಗೆ ಕಳಿಸಲು ಅದಕ್ಕಿಂತ ಒಳ್ಳೆಯ ವಸ್ತು ಬೇರೆ ಇಲ್ಲ.

ಎರಡು, ಮನೆಯ ಲೋಡ್ ಈಗ ಯಾವುದರ ಮೇಲಿದೆ. ಲೋಡ್ ಬದಲಾಯಿಸುವ ದೊಡ್ಡ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, "ಧಡ್" ಎಂದು ಬದಲಾಗಿ ಮನೆ ಪೂರ್ತಿ ಜನರೇಟರ್ ಮೇಲೆ ಓಡುತ್ತಿದ್ದರೆ, ಕಂಟ್ರೋಲರ್ ಮೇನ್ಸ್ ಹೋಗಿದೆ ಎಂದು ತೀರ್ಮಾನ ಮಾಡಿದೆ ಎಂದು ಬಹುಪಾಲು ಹಿಡಿಯಬಹುದು. ಇಂಜಿನ್ ಮಾತ್ರ ಓಡುತ್ತಾ, ಮನೆ ಇನ್ನೂ ಹೊರಗಿನ ಕರೆಂಟ್ ಮೇಲೇ ಇದ್ದರೆ ಮೇನ್ಸ್ ಕಡೆ ಹುಡುಕುವುದು ದಂಡ. ಆಗ ಅನುಮಾನ ಗಡಿಯಾರ, ರಿಮೋಟ್ ವೈರ್, ಬ್ಯಾಟರಿಯ ಮೇಲೆ.

ಮೂರು, ಹೊತ್ತು. ಪ್ರತಿ ಸಲ ಒಂದೇ ವಾರ, ಒಂದೇ ಗಂಟೆಗೆ ಬಂದರೆ ಗಡಿಯಾರ. ಸಂಜೆ ಏಳರಿಂದ ಒಂಬತ್ತರೊಳಗೆ ಮಾತ್ರ ಬಂದರೆ ಲೋ ವೋಲ್ಟೇಜ್. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಮಾತ್ರ ಬಂದು, ಚಾವಣಿ ಮೇಲೆ ಸೋಲಾರ್ ಇದ್ದರೆ ಹೈ ವೋಲ್ಟೇಜ್. ಜಡಿಮಳೆಯಲ್ಲಿ ಬಂದು ಬಿಸಿಲು ಬಿದ್ದ ಮೇಲೆ ತಾನೇ ಸರಿಹೋದರೆ ತೇವ ಕುಡಿದ ವೈರ್. ಬೋರ್ ಮೋಟರ್ ಹಾಕಿದ ಕ್ಷಣಕ್ಕೆ ಬಂದರೆ ವೋಲ್ಟೇಜ್ ಕುಸಿತ. ಒಮ್ಮೆ ಶುರುವಾದದ್ದು ನಿಲ್ಲುವುದೇ ಇಲ್ಲ ಎಂದರೆ ಫ್ಯೂಸ್ ಅಥವಾ ಒಂದು ಫೇಸ್.

ಪ್ಯಾನೆಲ್ ಬಾಗಿಲು ತೆಗೆಯುವ ಮುನ್ನ

ಆಟೋದಲ್ಲಿರುವ ಜನರೇಟರ್ ಯಾವ ಕ್ಷಣದಲ್ಲಾದರೂ ಸ್ಟಾರ್ಟ್ ಆಗಬಹುದು. ಅದು ಮಾಡುತ್ತಿರುವ ತಪ್ಪೇ ಅದು, ಹಾಗಾಗಿ ಕ್ಯಾನೊಪಿಯೊಳಗೆ ಕೈ ಹಾಕುವ ಕೆಲಸವಿದ್ದರೆ ಕಂಟ್ರೋಲರನ್ನು ಸ್ಟಾಪ್‌ಗೆ ತಂದು, ಎಮರ್ಜೆನ್ಸಿ ಬಟನ್ ಒತ್ತಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮೂರನ್ನೂ ಮಾಡಿ. ಫ್ಯಾನ್ ಬೆಲ್ಟ್ ಹತ್ತಿರ ಬೆರಳಿರುವಾಗ ಸೆಲ್ಫ್ ತಿರುಗಿದರೆ ಬೆರಳು ಉಳಿಯುವುದಿಲ್ಲ.

ಬ್ಯಾಟರಿ ಬಿಚ್ಚಿದರೆ ಪ್ಯಾನೆಲ್ ಸತ್ತಿದೆ ಎಂದುಕೊಳ್ಳಬೇಡಿ. ಹೊರಗಿನ ಕರೆಂಟ್, ಕೇಬಲ್ ಒಳಬರುವ ಇನ್‌ಕಮರ್ ಟರ್ಮಿನಲ್‌ನಲ್ಲಿ, ಸೆನ್ಸಿಂಗ್ ಫ್ಯೂಸ್‌ನಲ್ಲಿ ಹಾಗೇ ಇರುತ್ತದೆ. ಫೇಸ್‌ನಿಂದ ನ್ಯೂಟ್ರಲ್‌ಗೆ 230-240, ಫೇಸ್‌ನಿಂದ ಫೇಸ್‌ಗೆ 400-415 ವೋಲ್ಟ್. ಈ ಅಳತೆಗಳನ್ನು ಗೊತ್ತಿರುವ ವೈರ್‌ಮನ್ ಮಾಡಲಿ, ಮನೆಯವರು ಪಕ್ಕದಲ್ಲಿ ನಿಂತು ಬರೆದುಕೊಳ್ಳಲಿ.

ಇನ್ನೊಂದು ಮಾತು, ಸಿಟ್ಟಿನಿಂದಲೇ ಹೇಳುತ್ತೇನೆ. ಕಾಂಟ್ಯಾಕ್ಟರನ್ನು ಬೆರಳಿನಿಂದ ಅಥವಾ ಸ್ಕ್ರೂಡ್ರೈವರ್‌ನಿಂದ ಒತ್ತಿ "ಹಿಡಿಯುತ್ತಾ ನೋಡೋಣ" ಎನ್ನುವ ಅಭ್ಯಾಸ ಬಿಡಿ. ಜನರೇಟರ್ ಓಡುತ್ತಿರುವಾಗ ಮೇನ್ಸ್ ಕಾಂಟ್ಯಾಕ್ಟರ್ ಒತ್ತಿದರೆ ನಿಮ್ಮ ಕರೆಂಟ್ ಲೈನಿಗೆ ಹೋಗುತ್ತದೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹೋದರೆ ಅದು 11 ಕೆವಿ, ಅಂದರೆ 11 ಸಾವಿರ ವೋಲ್ಟ್ ಆಗುತ್ತದೆ. ಮಳೆಯಲ್ಲಿ ಕಂಬದ ಮೇಲೆ ಲೈನ್‌ಮ್ಯಾನ್ ಇರುತ್ತಾನೆ.

ಮೂರು ಜಾಗದ ಅಳತೆ

ಮೇನ್ಸ್ ಫೇಲ್ ಎಂದು ಸ್ಕ್ರೀನ್ ಹೇಳುತ್ತಿದ್ದರೆ ಇಡೀ ತನಿಖೆ ಒಂದೇ ಪರೀಕ್ಷೆಯ ಮೇಲೆ ನಿಂತಿದೆ. ಅದೇ ಹೊತ್ತಿನಲ್ಲಿ ಮೂರು ಜಾಗದ ವೋಲ್ಟೇಜ್ ಹೋಲಿಸಿ: ಹೊರಗಿನಿಂದ ಕೇಬಲ್ ಬರುವ ಇನ್‌ಕಮರ್ ಟರ್ಮಿನಲ್, ಸೆನ್ಸಿಂಗ್ ಫ್ಯೂಸ್‌ನ ಆಚೆಯ ತುದಿ, ಕಂಟ್ರೋಲರ್ ಸ್ಕ್ರೀನ್.

ಇನ್‌ಕಮರ್‌ನಲ್ಲೇ ಒಂದು ಫೇಸ್ ಕೆಟ್ಟಿದ್ದರೆ ಜನರೇಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ತಪ್ಪು ಹೊರಗಿದೆ. ಇನ್‌ಕಮರ್ ಸರಿಯಿದ್ದು ಫ್ಯೂಸ್‌ನ ಆಚೆ ಇಲ್ಲದಿದ್ದರೆ ಫ್ಯೂಸ್ ಅಥವಾ ಅದರ ಹೋಲ್ಡರ್. ಎರಡೂ ಕಡೆ ಸರಿಯಿದ್ದು ಸ್ಕ್ರೀನ್ ಮಾತ್ರ ಸುಳ್ಳು ಹೇಳುತ್ತಿದ್ದರೆ ನಡುವಿನ ವೈರ್, ಕಂಟ್ರೋಲರ್‌ನ ಹಿಂದಿನ ಕನೆಕ್ಟರ್, ಸೆನ್ಸಿಂಗ್ ನ್ಯೂಟ್ರಲ್ ಅಥವಾ ಸೆಟ್ಟಿಂಗ್.

ನಿಯಾನ್ ಟೆಸ್ಟರ್ ನಂಬಿ ಈ ಅಳತೆ ಮಾಡಬೇಡಿ. ಅರ್ಧ ವೋಲ್ಟೇಜ್‌ಗೂ ಅದು ಕೆಂಪಗೆ ಉರಿಯುತ್ತದೆ. ಡಿಜಿಟಲ್ ಮೀಟರ್ ಕೂಡ ಕಿತ್ತುಹೋದ ವೈರ್‌ನಲ್ಲಿ ಪಕ್ಕದ ವೈರ್‌ನಿಂದ ಬಂದ ಸುಳ್ಳು ವೋಲ್ಟೇಜ್ ತೋರಿಸುವುದುಂಟು. ಅನುಮಾನ ಬಂದರೆ ಟೆಸ್ಟ್ ಲ್ಯಾಂಪ್ ಹಚ್ಚಿ. ಬಲ್ಬ್ ಪೂರ್ತಿ ಬೆಳಗಿದರೆ ಕರೆಂಟ್ ನಿಜ.

ಹೊರಗಿನ ಕರೆಂಟ್ ಕೆಟ್ಟಿದ್ದರೆ

"ಮನೆಯಲ್ಲಿ ಲೈಟ್ ಉರೀತಾ ಇತ್ತಲ್ಲ" ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಮೂರು ಫೇಸ್‌ಗಳಿಗೆ ಆರ್, ವೈ, ಬಿ ಎಂದು ಹೆಸರು. ಹಾಲ್‌ನ ಲೈಟ್ ಆರ್ ಫೇಸ್ ಮೇಲಿದ್ದು ವೈ ಫೇಸ್ ಹೋಗಿದ್ದರೆ, ಹಾಲ್‌ನಲ್ಲಿ ಕೂತವರಿಗೆ ಕರೆಂಟ್ ಇದೆ. ಕಂಟ್ರೋಲರ್ ಮೂರನ್ನೂ ನೋಡುತ್ತದೆ, ಒಂದು ಹೋದರೂ ಅದರ ಲೆಕ್ಕದಲ್ಲಿ ಮೇನ್ಸ್ ಇಲ್ಲ.

ಅಂಕಿಗಳನ್ನು ಓದಲು ಕಲಿತರೆ ತಪ್ಪು ಎಲ್ಲಿದೆ ಎಂದು ಮನೆಯಲ್ಲೇ ಹೇಳಬಹುದು. ಎರಡು ಫೇಸ್ 235ರ ಆಸುಪಾಸು ಇದ್ದು ಮೂರನೆಯದು ಸೊನ್ನೆಗೆ ಹತ್ತಿರವಿದ್ದರೆ ಟಿಸಿಯಿಂದ ಈಚೆ, ಎಲ್‌ಟಿ (ಕಡಿಮೆ ವೋಲ್ಟೇಜ್ ಲೈನ್) ಕಡೆಯಲ್ಲಿ ಫ್ಯೂಸ್ ಅಥವಾ ಜಂಪ್ (ಲೈನ್ ಜೋಡಿಸುವ ತುಂಡು ತಂತಿ) ಹೋಗಿದೆ. ಒಂದು ಫೇಸ್ ಸರಿಯಾಗಿದ್ದು ಉಳಿದೆರಡು 110-120ರಲ್ಲಿ ಮಂಕಾಗಿ ನಿಂತಿದ್ದರೆ ತಪ್ಪು 11 ಕೆವಿ ಕಡೆಯದ್ದು. ಟಿಸಿಯ ಮೇಲ್ಬದಿ ಡೆಲ್ಟಾ, ಕೆಳಬದಿ ಸ್ಟಾರ್ ಇರುತ್ತದೆ, ಇವು ಮೂರು ಕಾಯಿಲ್ ಜೋಡಿಸುವ ಎರಡು ರೀತಿ. ಮೇಲಿನ ಒಂದು ಫೇಸ್ ಹೋದರೆ ಒಂದು ಕಾಯಿಲ್‌ಗೆ ಪೂರ್ತಿ ವೋಲ್ಟೇಜ್ ಸಿಕ್ಕಿ, ಉಳಿದೆರಡು ಕಾಯಿಲ್ ಸರಣಿಯಾಗಿ ಸೇರಿ ಅರ್ಧರ್ಧ ಹಂಚಿಕೊಳ್ಳುತ್ತವೆ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದ ರಾತ್ರಿಗಳಲ್ಲಿ "ಡಿಮ್ ಕರೆಂಟ್" ಎಂದು ಊರೆಲ್ಲ ಹೇಳುವುದು ಇದನ್ನೇ. ಅಂಥ ಹೊತ್ತಿನಲ್ಲಿ ಫ್ರಿಜ್, ಮೋಟರ್ ಎರಡನ್ನೂ ಉಳಿಸಿದ್ದು ನೀವು ಬೈಯುತ್ತಿರುವ ಆ ಜನರೇಟರೇ. 1912ಕ್ಕೆ ಫೋನ್ ಮಾಡುವಾಗ "ಕರೆಂಟ್ ಇಲ್ಲ" ಎನ್ನುವ ಬದಲು ಈ ಮೂರು ಅಂಕಿ ಹೇಳಿ. ಲೈನ್‌ಮ್ಯಾನ್‌ಗೆ ಮೊದಲು ಯಾವ ಕಂಬಕ್ಕೆ ಹೋಗಬೇಕು ಎಂಬ ಅಂದಾಜು ಸಿಗುತ್ತದೆ.

ಮೂರು ಫೇಸ್ ಮೂರು ಥರ ಇದ್ದರೆ, ಉದಾಹರಣೆಗೆ 160, 225, 285 ಎಂದು ಕಂಡು, ಫೇಸ್‌ನಿಂದ ಫೇಸ್‌ಗೆ ಅಳೆದಾಗ 400ರ ಹತ್ತಿರವೇ ಬಂದರೆ, ನ್ಯೂಟ್ರಲ್ ಸಡಿಲವಾಗಿದೆ ಅಥವಾ ಕಿತ್ತುಹೋಗಿದೆ. ಇದರಲ್ಲಿ ತಡ ಮಾಡಬಾರದು. ಮೇನ್ ಆಫ್ ಮಾಡಿ, ಆಮೇಲೆ ಮಾತು. 285 ಬರುತ್ತಿರುವ ಫೇಸ್ ಮೇಲಿನ ಟಿವಿ, ಚಾರ್ಜರ್, ಎಲ್ಇಡಿ ಡ್ರೈವರ್‌ಗಳು ಒಂದಾದ ಮೇಲೊಂದು ಸುಡುತ್ತವೆ.

ಲೋ ವೋಲ್ಟೇಜ್‌ನದ್ದು ಇಷ್ಟು ನಾಟಕದ ವಿಷಯವಲ್ಲ, ಆದರೆ ತಲೆನೋವು ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣು ಕೊಯ್ದು ತಂದ ಸಂಜೆ ಆ ಲೈನಿನ ಎಲ್ಲ ತೋಟಗಳ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಒಟ್ಟಿಗೆ ಓಡುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಕಾಲ. ಟಿಸಿಯಿಂದ ದೂರವಿರುವ ಕೊನೆಯ ಮನೆಗೆ 190, 185 ಎಂದು ಇಳಿಯುತ್ತದೆ. ಹಲವು ಕಂಟ್ರೋಲರ್‌ಗಳಲ್ಲಿ ಕಾರ್ಖಾನೆ ಸೆಟ್ಟಿಂಗ್ ಪ್ರಕಾರ 184 ವೋಲ್ಟ್‌ಗಿಂತ ಕೆಳಗಿಳಿದರೆ ಮೇನ್ಸ್ ಕೆಟ್ಟಿತು, 207 ದಾಟಿದರೆ ಮರಳಿ ಸರಿಯಾಯಿತು ಎಂಬ ಲೆಕ್ಕ ಇರುತ್ತದೆ. ನಡುವಿನ ಅಂತರ ಬೇಕೆಂದೇ ಇಟ್ಟದ್ದು, ಇಲ್ಲದಿದ್ದರೆ ಜನರೇಟರ್ ನಿಮಿಷಕ್ಕೊಮ್ಮೆ ಆನ್ ಆಫ್ ಆಗುತ್ತಿತ್ತು. ಇದರಿಂದಲೇ ಒಂದು ವಿಚಿತ್ರವೂ ಹುಟ್ಟುತ್ತದೆ: ವೋಲ್ಟೇಜ್ ಒಂದು ಕ್ಷಣ 180ಕ್ಕೆ ಇಳಿದು ಮತ್ತೆ 200ಕ್ಕೆ ಏರಿ ಅಲ್ಲೇ ನಿಂತರೆ, ಮೀಟರ್ ಹಿಡಿದವರಿಗೆ 200 ಕಾಣುತ್ತದೆ, ಜನರೇಟರ್ ಮಾತ್ರ ನಿಲ್ಲುವುದಿಲ್ಲ. ಅದು 207ಕ್ಕೆ ಕಾಯುತ್ತಿದೆ.

ಮೋಟರ್ ಹಾಕಿದಾಗ ಮಾತ್ರ ಬರುವ ತೊಂದರೆ ಇದರದ್ದೇ ತಮ್ಮ. 5 ಎಚ್‌ಪಿ ಬೋರ್ ಮೋಟರ್ ಓಡುವಾಗ ಸುಮಾರು 8 ಆಂಪಿಯರ್ ತೆಗೆದುಕೊಂಡರೆ, ನೇರ ಸ್ಟಾರ್ಟರ್‌ನಲ್ಲಿ ಎದ್ದೇಳುವ ಕ್ಷಣಕ್ಕೆ ಅದರ ಐದಾರು ಪಟ್ಟು ಎಳೆಯುತ್ತದೆ. ಉದ್ದನೆಯ ಸಪೂರ ಲೈನ್ ಒಂದೆರಡು ಸೆಕೆಂಡ್ ಕುಸಿಯುತ್ತದೆ. ಸ್ಟಾರ್ಟ್ ಡಿಲೇ, ಅಂದರೆ ಸ್ಟಾರ್ಟ್ ಮಾಡುವ ಮೊದಲು ಕಾಯುವ ಹೊತ್ತು, 5 ಸೆಕೆಂಡ್ ಇದ್ದರೆ ಕಂಟ್ರೋಲರ್ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾರೋ "ಬೇಗ ಕರೆಂಟ್ ಬರಲಿ" ಎಂದು ಅದನ್ನು ಸೊನ್ನೆಗೋ ಒಂದಕ್ಕೋ ಇಳಿಸಿದ್ದರೆ ಮೋಟರ್ ಹಾಕಿದಾಗಲೆಲ್ಲ ಇಂಜಿನ್ ಏಳುತ್ತದೆ. ಮೊದಲು ಡಿಲೇ ನೋಡಿ, ಆಮೇಲೆ ವೋಲ್ಟೇಜ್ ಮಿತಿ. ಮಿತಿಯನ್ನು 184ರಿಂದ ಕೆಳಗಿಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. 170ರಲ್ಲಿ ಫ್ರಿಜ್‌ನ ಕಂಪ್ರೆಸರ್ ಏಳಲಾಗದೆ ಬಿಸಿಯಾಗಿ ಕೂರುತ್ತದೆ. ಉಳಿಸಿದ ಡೀಸೆಲ್‌ನ ಹಣ ಅಲ್ಲಿ ಹೋಗುತ್ತದೆ.

ವೋಲ್ಟೇಜ್ ಮೂರೂ ಸರಿ, ಆದರೂ ಮೇನ್ಸ್ ಕೆಟ್ಟಿದೆ ಎನ್ನುತ್ತಿದ್ದರೆ ಒಂದು ಪ್ರಶ್ನೆ ಕೇಳಿ: ಇತ್ತೀಚೆಗೆ ಟಿಸಿ ಬದಲಾಯಿಸಿದರೇ, ಲೈನ್ ಕೆಲಸ ನಡೆಯಿತೇ? ಜೋಡಿಸುವಾಗ ಎರಡು ಫೇಸ್ ಅದಲುಬದಲಾದರೆ ಬಲ್ಬ್‌ಗೆ ಗೊತ್ತಾಗುವುದಿಲ್ಲ, ಮೀಟರ್‌ಗೂ ಗೊತ್ತಾಗುವುದಿಲ್ಲ. ಫೇಸ್ ಸೀಕ್ವೆನ್ಸ್ (ಮೂರು ಫೇಸ್ ಬರುವ ಸರದಿ) ನೋಡುವ ಕಂಟ್ರೋಲರ್ ಅಥವಾ ರಿಲೇ ಇದ್ದರೆ ಅದು ಒಪ್ಪುವುದಿಲ್ಲ. ಮನೆಯವರಿಗೆ ಸಿಗುವ ಸುಳಿವು ಬೋರ್‌ವೆಲ್: ಮೋಟರ್ ಓಡುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ ಅಥವಾ ಸಣ್ಣಗೆ ಬರುತ್ತದೆ, ಏಕೆಂದರೆ ಅದು ಉಲ್ಟಾ ತಿರುಗುತ್ತಿದೆ. ಇದಕ್ಕೆ ಸೆನ್ಸಿಂಗ್ ವೈರ್ ಮಾತ್ರ ಅದಲುಬದಲು ಮಾಡಿ ಕಂಟ್ರೋಲರ್ ಬಾಯಿ ಮುಚ್ಚಿಸುವವರಿದ್ದಾರೆ. ಮೋಟರ್ ಆಗಲೂ ಉಲ್ಟಾ ತಿರುಗುತ್ತದೆ, ಜನರೇಟರ್ ಮೇಲೆ ಹೋದಾಗ ಮಾತ್ರ ಸರಿಯಾಗಿ ತಿರುಗುತ್ತದೆ. ಸರಿಪಡಿಸಬೇಕಾದದ್ದು ಮನೆಗೆ ಬರುವ ಕೇಬಲ್‌ನಲ್ಲಿ, ಸಪ್ಲೈ ಪೂರ್ತಿ ಆಫ್ ಮಾಡಿ, ಲೈನ್‌ಮ್ಯಾನ್ ಜೊತೆಗಿಟ್ಟುಕೊಂಡು.

ಬೆರಳ ತುದಿಯಷ್ಟು ಫ್ಯೂಸ್

ಹೊರಗಿನ ಕರೆಂಟ್ ಸರಿಯಿದ್ದೂ ಸ್ಟಾರ್ಟ್ ಆಗುವ ಜನರೇಟರ್‌ಗಳಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಸೆನ್ಸಿಂಗ್ ಫ್ಯೂಸ್ ಮೇಲೆ. ದೊಡ್ಡ ಕೇಬಲ್‌ನಿಂದ ಸಣ್ಣ ವೈರ್ ಕವಲೊಡೆದು, 2 ಆಂಪಿಯರ್‌ನ ಒಂದೊಂದು ಫ್ಯೂಸ್ ದಾಟಿ ಕಂಟ್ರೋಲರ್‌ಗೆ ಹೋಗುತ್ತದೆ. ಆರ್, ವೈ, ಬಿ ಮೂರು ಹೋಲ್ಡರ್ ಸಾಲಾಗಿ ಕೂತಿರುತ್ತವೆ. ಮನೆಯ ಲೋಡ್‌ಗೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿ ಫ್ಯೂಸ್ ಹೋದರೆ ಮನೆಯಲ್ಲಿ ಯಾವ ಲೈಟೂ ಆರುವುದಿಲ್ಲ, ಕಂಟ್ರೋಲರ್‌ಗೆ ಮಾತ್ರ ಒಂದು ಫೇಸ್ ಕಾಣೆಯಾಗುತ್ತದೆ.

ಗಾಜಿನ ಫ್ಯೂಸ್ ಆದರೆ ಒಳಗಿನ ಎಳೆ ತುಂಡಾದದ್ದು ಕಣ್ಣಿಗೆ ಬೀಳುತ್ತದೆ. ಪಿಂಗಾಣಿಯದ್ದಾದರೆ ಬಿಚ್ಚಿ ಮೀಟರ್‌ನಲ್ಲೇ ನೋಡಬೇಕು. ಎಷ್ಟೋ ಸಲ ಫ್ಯೂಸ್ ಸರಿಯಿರುತ್ತದೆ, ಕೆಟ್ಟದ್ದು ಹೋಲ್ಡರ್. ಫ್ಯೂಸನ್ನು ಹಿಡಿಯುವ ಹಿತ್ತಾಳೆಯ ಪಟ್ಟಿ ಮಲೆನಾಡಿನ ತೇವಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ, ಅದರ ಹಿಡಿತ ಸಡಿಲವಾಗಿರುತ್ತದೆ. ಜನರೇಟರ್ ನಿಂತಿರುವಾಗ ಮುಟ್ಟಿಕೊಂಡಿರುತ್ತದೆ, ಲಾರಿ ಹೋದರೋ ಪ್ಯಾನೆಲ್ ಬಾಗಿಲು ಬಡಿದರೋ ಬಿಟ್ಟುಕೊಳ್ಳುತ್ತದೆ. ಬಾಗಿಲು ಮುಚ್ಚಿದಾಗ ಮಾತ್ರ ಬರುವ ತೊಂದರೆ ಬಾಗಿಲಿಗೆ ಹೋಗುವ ವೈರ್ ಕಟ್ಟಿನಲ್ಲಿರುತ್ತದೆ: ಕಂಟ್ರೋಲರ್ ಇರುವುದು ಬಾಗಿಲ ಮೇಲೆ, ಪ್ರತಿ ಸಲ ತೆಗೆದು ಹಾಕಿದಾಗ ಆ ಕಟ್ಟು ಒಂದೇ ಜಾಗದಲ್ಲಿ ಮಡಚುತ್ತದೆ, ಪ್ಲಾಸ್ಟಿಕ್ ಹೊದಿಕೆ ಹಾಗೇ ಇದ್ದು ಒಳಗಿನ ತಂತಿ ಮುರಿದಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮುರಿದ ಕಡೆ ವೈರ್ ರಬ್ಬರ್‌ನಂತೆ ಹಿಗ್ಗುತ್ತದೆ. ಇದನ್ನು ಸಪ್ಲೈ ಆಫ್ ಮಾಡಿಯೇ ನೋಡಬೇಕು.

ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರ್‌ನದ್ದನ್ನೇ ಹಾಕಿ. ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಬೇಡ. ಹೊಸದೂ ಹೋದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಪ್ಯಾನೆಲ್‌ನ ತಳದಲ್ಲಿ ಸುಟ್ಟು ಕರಕಲಾದ ಹಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಬೆಚ್ಚಗಿರುತ್ತದೆ ಎಂದು ಬರುತ್ತವೆ, ಎರಡು ಟರ್ಮಿನಲ್ ನಡುವೆ ಮಲಗುತ್ತವೆ. ಕೇಬಲ್ ಒಳಬರುವ ತೂತಿಗೆ ಗ್ಲ್ಯಾಂಡ್ ಹಾಕಿ, ಉಳಿದ ಸಂದಿಗೆ ಪುಟ್ಟಿ ತುಂಬಿದರೆ ಹಲ್ಲಿ, ಇರುವೆ, ಇಲಿ ಮೂರರ ಕಾಟವೂ ತಪ್ಪುತ್ತದೆ.

ಸೆನ್ಸಿಂಗ್ ನ್ಯೂಟ್ರಲ್ ಅನ್ನು ಮರೆಯುವವರೇ ಹೆಚ್ಚು. ಮನೆಯ ನ್ಯೂಟ್ರಲ್ ಗಟ್ಟಿಯಾಗಿದ್ದು, ಕಂಟ್ರೋಲರ್‌ಗೆ ಹೋಗುವ ಆ ಒಂದು ಕಪ್ಪು ವೈರ್ ಮಾತ್ರ ಸಡಿಲವಾದರೆ, ಸ್ಕ್ರೀನ್‌ನಲ್ಲಿ ವೋಲ್ಟೇಜ್‌ಗಳು ಕುಣಿಯುತ್ತವೆ, ಇನ್‌ಕಮರ್‌ನಲ್ಲಿ ಮೀಟರ್ ಹಿಡಿದರೆ ಎಲ್ಲ ಸ್ಥಿರ. ಆ ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು.

ಇಲ್ಲಿ ನಮ್ಮ ಕಡೆ ನಡೆಯುವ ಒಂದು ಕೆಟ್ಟ ಉಪಾಯದ ಬಗ್ಗೆ ಹೇಳಬೇಕು. ಮೂರೂ ಸೆನ್ಸಿಂಗ್ ವೈರ್‌ಗಳನ್ನು ಸೇರಿಸಿ ಒಂದೇ ಫೇಸ್‌ಗೆ ಕಟ್ಟಿಬಿಡುವುದು. ಫೇಸ್‌ನಿಂದ ಫೇಸ್‌ಗೆ ಅಳೆಯುವ ಕಂಟ್ರೋಲರ್ ಇದನ್ನು ಒಪ್ಪುವುದಿಲ್ಲ. ಒಪ್ಪುವ ಪ್ಯಾನೆಲ್‌ನಲ್ಲಿ ಜನರೇಟರ್ ತೆಪ್ಪಗಾಗುತ್ತದೆ, ಮನೆಯವರು ಖುಷಿಯಾಗುತ್ತಾರೆ, ಮುಂದಿನ ಸಲ ಉಳಿದೆರಡರಲ್ಲಿ ಒಂದು ಫೇಸ್ ಹೋದಾಗ ತ್ರೀ ಫೇಸ್ ಮೋಟರ್ ಎರಡೇ ಫೇಸ್‌ನಲ್ಲಿ ಓಡಿ ಕಾಯಿಲ್ ಸುಡುತ್ತದೆ. ಮನೆಯಲ್ಲಿ ತ್ರೀ ಫೇಸ್ ಲೋಡೇ ಇಲ್ಲ, ಸಪ್ಲೈಯೂ ಸಿಂಗಲ್ ಫೇಸ್ ಎಂದಾದರೆ ಕಂಟ್ರೋಲರ್ ಸೆಟ್ಟಿಂಗ್‌ನಲ್ಲೇ ಸಿಂಗಲ್ ಫೇಸ್ ಎಂದು ಆರಿಸಬಹುದು. ಅದು ಸರಿಯಾದ ದಾರಿ.

ಸೆನ್ಸಿಂಗ್ ಎಲ್ಲಿಂದ ತೆಗೆದಿದ್ದಾರೆ

ಸೆನ್ಸಿಂಗ್ ವೈರ್ ಹೊರಗಿನ ಕೇಬಲ್ ಬರುವ ಜಾಗದಿಂದ, ಇನ್‌ಕಮರ್‌ಗಿಂತ ಮೊದಲೇ ಕವಲೊಡೆಯಬೇಕು. ಮನೆ ಕಟ್ಟಿದ ಮೇಲೆ ಜನರೇಟರ್ ಸೇರಿಸಿದ ಕಡೆಗಳಲ್ಲಿ ಅದನ್ನು ಎಂಸಿಬಿ ಅಥವಾ ಲೀಕೇಜ್ ಬ್ರೇಕರ್‌ನ ಆಚೆಯಿಂದ ತೆಗೆದಿರುವುದನ್ನು ನೋಡಿದ್ದೇನೆ. ಗೀಸರ್‌ನಲ್ಲಿ ಲೀಕೇಜ್ ಆಗಿ ಬ್ರೇಕರ್ ಬಿದ್ದರೆ ಕಂಟ್ರೋಲರ್‌ಗೆ ಅದು ಕರೆಂಟ್ ಹೋದಂತೆ ಕಾಣುತ್ತದೆ. ಜನರೇಟರ್ ಎದ್ದು, ಅದೇ ಲೀಕೇಜ್ ಇರುವ ಗೀಸರ್‌ಗೆ ಮತ್ತೆ ಕರೆಂಟ್ ಕೊಡುತ್ತದೆ. ಜನರೇಟರ್ ಕಡೆಗೆ ಬೇರೆ ಲೀಕೇಜ್ ಬ್ರೇಕರ್ ಇಲ್ಲದಿದ್ದರೆ ಇದು ಜೀವಕ್ಕೇ ಅಪಾಯ. ಜನರೇಟರ್ ಶುರುವಾದಾಗಲೆಲ್ಲ ಮೇನ್ ಬೋರ್ಡ್‌ನಲ್ಲಿ ಏನಾದರೂ ಟ್ರಿಪ್ ಆಗಿದೆಯೇ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಸ್ಟೆಬಿಲೈಸರ್ ಇರುವ ಮನೆಯಲ್ಲೂ ಇದೇ ಪ್ರಶ್ನೆ. ಸೆನ್ಸಿಂಗ್ ಸ್ಟೆಬಿಲೈಸರ್‌ಗಿಂತ ಮೊದಲಿದ್ದರೆ, ಮನೆಯೊಳಗೆ 230 ಇದ್ದರೂ ಕಂಟ್ರೋಲರ್ ನೋಡುವುದು ಹೊರಗಿನ 180ನ್ನು. ಇದಕ್ಕೆ ಸಿದ್ಧ ಉತ್ತರವಿಲ್ಲ. ಸ್ಟೆಬಿಲೈಸರ್ ಎಷ್ಟು ಕೆಳಗಿನವರೆಗೆ ಎತ್ತಬಲ್ಲದು ಎಂದು ನೋಡಿ ಮಿತಿ ಇಡಬೇಕು.

ಬಿಸಿಲು ಬಿದ್ದಾಗ ಬರುವ ತೊಂದರೆ

ಚಾವಣಿ ಸೋಲಾರ್ ಹಾಕಿಸಿದ ಮನೆಗಳಲ್ಲಿ ಇದು ಹೊಸದಾಗಿ ಸೇರಿಕೊಂಡ ಕಾಯಿಲೆ. ಆನ್‌ಗ್ರಿಡ್ ಇನ್ವರ್ಟರ್ ಲೈನಿಗೆ ಕರೆಂಟ್ ತಳ್ಳಬೇಕೆಂದರೆ ಲೈನಿಗಿಂತ ತುಸು ಹೆಚ್ಚಿನ ವೋಲ್ಟೇಜ್ ಇಡಲೇಬೇಕು. ಮಧ್ಯಾಹ್ನ ಮನೆಯಲ್ಲಿ ಲೋಡ್ ಇಲ್ಲ, ಊರಲ್ಲೂ ಇಲ್ಲ, ಲೈನ್ ಉದ್ದ ಬೇರೆ. 245 ಇದ್ದದ್ದು 260, 265 ಎಂದು ಏರುತ್ತದೆ. ಕಂಟ್ರೋಲರ್‌ನ ಮೇಲಿನ ಮಿತಿಯನ್ನು ಬಿಗಿಯಾಗಿ ಇಟ್ಟಿದ್ದರೆ ಅದು ಮೇನ್ಸ್ ಓವರ್ ವೋಲ್ಟೇಜ್ ಎಂದು ಜನರೇಟರ್ ಎಬ್ಬಿಸುತ್ತದೆ. ಲೋಡ್ ಬದಲಾದ ತಕ್ಷಣ, ಇನ್ವರ್ಟರ್ ಎಲ್ಲಿ ಸೇರಿದೆ ಎನ್ನುವುದರ ಮೇಲೆ, ಸೋಲಾರ್ ಲೈನಿನಿಂದ ಕಳಚಿಕೊಂಡು ವೋಲ್ಟೇಜ್ ಇಳಿಯುತ್ತದೆ, ಮೇನ್ಸ್ ಸರಿಯಾಯಿತು ಎಂದು ಜನರೇಟರ್ ನಿಲ್ಲುತ್ತದೆ, ಸೋಲಾರ್ ಮರಳುತ್ತದೆ, ಮತ್ತೆ ಮೊದಲಿನಿಂದ. ಮಧ್ಯಾಹ್ನದುದ್ದಕ್ಕೂ ಈ ಕುಣಿತ ನಡೆಯುತ್ತದೆ.

ಪರೀಕ್ಷೆ ಸುಲಭ. ಬಿಸಿಲಿನಲ್ಲೇ ಸೋಲಾರ್‌ನ ಎಸಿ ಸ್ವಿಚ್ ಆಫ್ ಮಾಡಿ ಮೇನ್ಸ್ ವೋಲ್ಟೇಜ್ ನೋಡಿ, ಆನ್ ಮಾಡಿ ಮತ್ತೆ ನೋಡಿ. ಹತ್ತು ಹದಿನೈದು ವೋಲ್ಟ್ ಏರಿದರೆ ಕಾರಣ ಸಿಕ್ಕಿತು. ಇನ್ವರ್ಟರ್‌ನಿಂದ ಮೇನ್ ಬೋರ್ಡ್‌ಗೆ ಬರುವ ಕೇಬಲ್ ಸಪೂರವಿದ್ದರೆ ದಪ್ಪದ್ದು ಹಾಕಬೇಕು, ಲೈನಿನ ವೋಲ್ಟೇಜೇ ಮೇಲಿದ್ದರೆ ಟಿಸಿಯ ಟ್ಯಾಪ್ (ಅದರ ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಜೋಡಣೆ) ಇಳಿಸಲು ಅರ್ಜಿ ಕೊಡಬೇಕು. ಎಲ್‌ಟಿ ಸಪ್ಲೈ ಶೇಕಡಾ 6ರ ಏರಿಳಿತದೊಳಗೆ ಇರಬೇಕು ಎಂಬ ನಿಯಮವಿದೆ, ಅರ್ಜಿಯಲ್ಲಿ ಅದನ್ನೇ ಬರೆಯಿರಿ.

ಸೋಲಾರ್ ಇನ್ವರ್ಟರ್ ಮನೆಯ ಲೋಡ್ ಕಡೆ ಸೇರಿದೆಯೋ ಹೊರಗಿನ ಲೈನಿನ ಕಡೆ ಸೇರಿದೆಯೋ ಎಂಬುದನ್ನು ಇದೇ ಹೊತ್ತಿನಲ್ಲಿ ನೋಡಿಬಿಡಿ. ಲೋಡ್ ಕಡೆ ಇದ್ದರೆ ಜನರೇಟರ್ ಓಡುವಾಗ ಇನ್ವರ್ಟರ್ ಅದನ್ನೇ ಲೈನ್ ಎಂದು ತಿಳಿದು ಕರೆಂಟ್ ತಳ್ಳಬಹುದು. ಲೋಡ್ ಕಡಿಮೆಯಿದ್ದರೆ ಅದು ಜನರೇಟರ್‌ನೊಳಕ್ಕೇ ಹಿಂದಿರುಗುತ್ತದೆ. ಆಲ್ಟರ್ನೇಟರ್‌ಗೆ ಇದು ಒಳ್ಳೆಯದಲ್ಲ.

ಲೋಡ್ ತೆಗೆದುಕೊಳ್ಳದೆ ಸುಮ್ಮನೆ ಓಡುವುದು

ಮೇನ್ಸ್ ಮೂರೂ ಜಾಗದಲ್ಲಿ ಸರಿ, ಮನೆ ಹೊರಗಿನ ಕರೆಂಟ್ ಮೇಲೇ ಇದೆ, ಇಂಜಿನ್ ಮಾತ್ರ ಓಡುತ್ತಿದೆ ಎಂದರೆ ಮೊದಲು ಗಡಿಯಾರ ನೋಡಿ. ವಾರಕ್ಕೊಮ್ಮೆ ಹತ್ತು ನಿಮಿಷ ತಾನೇ ಓಡುವ ಶೆಡ್ಯೂಲ್ ಹಲವು ಕಂಟ್ರೋಲರ್‌ಗಳಲ್ಲಿ ಇದೆ. ಇನ್‌ಸ್ಟಾಲ್ ಮಾಡಿದವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ. ಆಮೇಲೆ ಬ್ಯಾಟರಿ ಬದಲಾಯಿಸುವಾಗ ಗಡಿಯಾರದ ಸಮಯ ತಪ್ಪುತ್ತದೆ, ಹತ್ತು ಗಂಟೆಯ ಓಟ ರಾತ್ರಿ ಎರಡಕ್ಕೆ ಬರುತ್ತದೆ. ಸಮಯ ಸರಿಪಡಿಸಿ. ಓಡಿಸುವುದಾದರೆ ಲೋಡ್ ಕೊಟ್ಟು ಓಡಿಸಿ, ಖಾಲಿ ಓಡಿದ ಡೀಸೆಲ್ ಇಂಜಿನ್ ಇಂಧನವನ್ನು ಪೂರ್ತಿ ಸುಡದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡು ಕೂಡಿಸುತ್ತದೆ.

ಬ್ಯಾಟರಿ ಇಳಿದರೆ ಚಾರ್ಜ್ ಮಾಡಲು ಇಂಜಿನ್ ಎಬ್ಬಿಸುವ ಸೆಟ್ಟಿಂಗ್ ಕೆಲವು ಕಂಟ್ರೋಲರ್‌ಗಳಲ್ಲಿದೆ. ಹಾಗಾಗುತ್ತಿದ್ದರೆ ಪ್ಯಾನೆಲ್‌ನೊಳಗಿನ ಬ್ಯಾಟರಿ ಚಾರ್ಜರ್ ಸತ್ತಿರುತ್ತದೆ. ಇಂಜಿನ್ ನಿಂತಿರುವಾಗ 12 ವೋಲ್ಟ್ ಬ್ಯಾಟರಿಯಲ್ಲಿ 13ರ ಮೇಲೆ ಇದ್ದರೆ ಚಾರ್ಜರ್ ಕೆಲಸ ಮಾಡುತ್ತಿದೆ, 12ರ ಕೆಳಗಿದ್ದರೆ ಇಲ್ಲ.

ಉಳಿದದ್ದು ರಿಮೋಟ್ ಸ್ಟಾರ್ಟ್. ಎರಡು ವೈರ್, ಕೂಡಿದರೆ ಇಂಜಿನ್ ಓಡಬೇಕು, ಬಿಟ್ಟರೆ ನಿಲ್ಲಬೇಕು. ಹಳೆಯ ಮನೆಗಳಲ್ಲಿ ಜನರೇಟರ್ ಶೆಡ್‌ನಿಂದ ಬಂಗಲೆಯವರೆಗೆ ನೆಲದಡಿ ಎಳೆದ ವೈರ್ ಇರುತ್ತದೆ, ಬಂಗಲೆಯಲ್ಲಿ ಒಂದು ಸ್ವಿಚ್. ಸ್ವಿಚ್ ಬಳಸದೆ ವರ್ಷಗಳಾಗಿರುತ್ತವೆ, ವೈರ್ ಮಾತ್ರ ಇನ್ನೂ ಕಂಟ್ರೋಲರ್‌ಗೆ ಸೇರಿಕೊಂಡಿರುತ್ತದೆ. ಪೈಪ್‌ನೊಳಗೆ ನೀರು ನಿಂತು, ಇಲಿ ಕಚ್ಚಿದ ಜಾಗದಲ್ಲಿ ಎರಡು ತಂತಿ ತೇವದಲ್ಲಿ ಮುಟ್ಟಿದರೆ ಅದೇ ಆರ್ಡರ್. ಹಲವು ಕಂಟ್ರೋಲರ್‌ಗಳಲ್ಲಿ ಒಂದು ವೈರ್ ಜನರೇಟರ್‌ನ ಲೋಹದ ಮೈಗೆ ತಾಗಿದರೂ ಸಾಕು. ಮಳೆಗಾಲದಲ್ಲಿ ಮಾತ್ರ ಬರುವ ಈ ತೊಂದರೆಗೆ ಪರೀಕ್ಷೆ ಒಂದೇ: ಆ ವೈರನ್ನು ಕಂಟ್ರೋಲರ್ ಕಡೆ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮಳೆ ಬರುವವರೆಗೆ ಕಾಯಿರಿ. ಬಿಚ್ಚಿದ ಮೇಲೆ ತೊಂದರೆ ಬರದಿದ್ದರೆ ತಪ್ಪು ಆ ವೈರ್‌ನದ್ದೇ. ಅದು ಯಾರಿಗೂ ಬೇಡದಿದ್ದರೆ ಹಾಗೇ ಬಿಟ್ಟುಬಿಡಿ.

ಕಂಟ್ರೋಲರ್ ಕೆಟ್ಟಿದೆ ಎನ್ನುವ ಮೊದಲು

ಮೇಲಿನ ಎಲ್ಲವೂ ಸರಿಯಿದ್ದು, ಸೆನ್ಸಿಂಗ್ ಟರ್ಮಿನಲ್‌ನಲ್ಲೇ ಮೂರು ಫೇಸ್ ಸರಿಯಾಗಿ ಅಳೆದು, ಕನೆಕ್ಟರ್ ಕಳಚಿ ಸ್ವಚ್ಛ ಮಾಡಿ ಹಾಕಿದ ಮೇಲೂ ಸ್ಕ್ರೀನ್ ಒಂದು ಫೇಸನ್ನು ಸೊನ್ನೆ ತೋರಿಸಿದರೆ ಮಾತ್ರ ಕಂಟ್ರೋಲರ್ ಬದಲಾಯಿಸಿ. ಸಿಡಿಲು ಬಡಿದ ಮರುದಿನ ಇದು ಸಾಮಾನ್ಯ. ಹೊಸ ಕಂಟ್ರೋಲರ್ ಹಾಕುವವರಿಂದ ಹಳೆಯದರ ಸೆಟ್ಟಿಂಗ್‌ಗಳನ್ನು ಬರೆಸಿಕೊಳ್ಳಿ. ಇನ್ನೊಂದು ಅಪರೂಪದ ಪ್ರಕರಣ ಸೆಲ್ಫ್‌ನ ರಿಲೇ ಅಂಟಿಕೊಳ್ಳುವುದು: ಕಂಟ್ರೋಲರ್ ಏನೂ ಹೇಳದಿದ್ದರೂ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಲಾಗ್‌ನಲ್ಲಿ ಏನೂ ಇರುವುದಿಲ್ಲ. ಆಗ ತಡಮಾಡದೆ ಬ್ಯಾಟರಿ ಕಳಚಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ.

ಸರಿಪಡಿಸಿದ ಮೇಲೆ ಆಟೋಗೆ ಹಾಕಿ ಒಂದು ತಾಲೀಮು ಮಾಡಿಸಿ. ಇನ್‌ಕಮರ್‌ಗಿಂತ ಹಿಂದಿನ ಮೇನ್ ಸ್ವಿಚ್ ಇಳಿಸಿ: ಡಿಲೇ ಮುಗಿದ ಮೇಲೆ ಇಂಜಿನ್ ಎದ್ದು, ಲೋಡ್ ತೆಗೆದುಕೊಳ್ಳಬೇಕು. ಸ್ವಿಚ್ ಏರಿಸಿ: ಮರಳುವ ಡಿಲೇ ಕಳೆದು ಲೋಡ್ ಹೊರಗಿನ ಕರೆಂಟ್‌ಗೆ ಬಂದು, ಇಂಜಿನ್ ಒಂದೆರಡು ನಿಮಿಷ ಖಾಲಿ ಓಡಿ ತಣ್ಣಗಾಗಿ ನಿಲ್ಲಬೇಕು. ಆಮೇಲೆ ಬೋರ್ ಮೋಟರ್ ಒಮ್ಮೆ ಹಾಕಿ ನೋಡಿ, ಇಂಜಿನ್ ಏಳಬಾರದು. ಇಷ್ಟಾದ ಮೇಲೆ ಮೂರು ಫೇಸ್‌ನ ಅಂದಿನ ವೋಲ್ಟೇಜ್, ಕೆಳಗಿನ ಮತ್ತು ಮೇಲಿನ ಮಿತಿ, ಎರಡು ಡಿಲೇ, ಶೆಡ್ಯೂಲ್‌ನ ವಾರ ಮತ್ತು ಗಂಟೆ, ಇವನ್ನು ಒಂದು ಚೀಟಿಯಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಬದಿಗೆ ಅಂಟಿಸಿ, ತಾರೀಖು ಹಾಕಿ.